ಆನ್‌ಹಬ್ ಪ್ರಕರಣ: ಆ್ಯಪ್ ಕೈಬಿಟ್ಟ ಮೇಲೆ ರೂಟರ್‌ನ ಗತಿ

2015ರ ಆಗಸ್ಟ್‌ನಲ್ಲಿ ಗೂಗಲ್ ಕಂಪನಿ ಆನ್‌ಹಬ್ ಎಂಬ ಮನೆ ರೂಟರ್ ಹೊರತಂದಿತು. ತಯಾರಿಸಿದ್ದು ಟಿಪಿ-ಲಿಂಕ್. ಬೆಲೆ 199.99 ಡಾಲರ್, ಅಂದಿನ ಲೆಕ್ಕಕ್ಕೆ ದುಬಾರಿಯೇ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಆಸುಸ್ ಕಂಪನಿ ತಯಾರಿಸಿದ ಎರಡನೆಯ ಆನ್‌ಹಬ್ ಬಂತು. ಎರಡೂ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾದ ಗ್ರಾಹಕರಿಗಾಗಿ ಬಂದ ಸಾಧನಗಳು. 2023ರ ಜನವರಿಯಲ್ಲಿ ಇವೆರಡರ ನಿರ್ವಹಣೆಗೆ ಇದ್ದ ಒಂದೇ ದಾರಿ ಮುಚ್ಚಿತು. ಯಂತ್ರ ಕೆಟ್ಟಿರಲಿಲ್ಲ, ರೇಡಿಯೊ ಸುಟ್ಟಿರಲಿಲ್ಲ. ವೈಫೈ ಸಿಗ್ನಲ್ ಎಂದಿನಂತೆ ಬರುತ್ತಿತ್ತು. ಆದರೆ ಅದರ ಪಾಸ್‌ವರ್ಡ್ ಬದಲಿಸುವುದು ಮಾಲೀಕರಿಗೆ ಸಾಧ್ಯವಾಗದೆ ಹೋಯಿತು.

ಮೊಬೈಲ್ ಆ್ಯಪ್ ಒಂದರಿಂದಲೇ ನಡೆಯುವ ರೂಟರ್‌ಗಳ ಕುಂದುಕೊರತೆ ಅರಿಯಲು ಇಷ್ಟು ಸ್ಪಷ್ಟವಾದ ಪ್ರಕರಣ ಬೇರೆ ಸಿಗುವುದು ಕಷ್ಟ. ಹುಟ್ಟಿನಿಂದ ಕೊನೆಯವರೆಗಿನ ಪ್ರತಿ ಹಂತವೂ ಕಣ್ಣ ಮುಂದೆಯೇ ನಡೆದಿದೆ.

ಸಾಧನದ ರಚನೆ

ಆನ್‌ಹಬ್ ಕಳಪೆ ಯಂತ್ರವಲ್ಲ. ಟಿಪಿ-ಲಿಂಕ್ ಮಾದರಿಯಲ್ಲಿ ಕ್ವಾಲ್‌ಕಾಮ್‌ನ ಐಪಿಕ್ಯೂ8064 ಎಂಬ ಎರಡು ಕೋರ್‌ಗಳ 1.4 ಗಿಗಾಹರ್ಟ್ಸ್ ಚಿಪ್, 1 ಜಿಬಿ ರ‍್ಯಾಮ್, 4 ಜಿಬಿ ಸಂಗ್ರಹ ಇದ್ದವು. ಆಗಿನ ಎಷ್ಟೋ ಮನೆ ರೂಟರ್‌ಗಳಲ್ಲಿ 128 ಅಥವಾ 256 ಎಂಬಿ ರ‍್ಯಾಮ್ ಇರುತ್ತಿತ್ತು. ಸಿಲಿಂಡರ್ ಆಕಾರದ ಹೊದಿಕೆಯೊಳಗೆ ಸುತ್ತಲೂ 13 ಆಂಟೆನಾಗಳು. ಹಿಂಬದಿಯಲ್ಲಿ ಇಂಟರ್‌ನೆಟ್ ಕೇಬಲ್‌ಗೆ ಒಂದು ವ್ಯಾನ್ ಪೋರ್ಟ್, ಮನೆಯ ಸಾಧನ ಜೋಡಿಸಲು ಒಂದೇ ಒಂದು ಲ್ಯಾನ್ ಪೋರ್ಟ್, ಒಂದು ಯುಎಸ್‌ಬಿ 3.0 ಪೋರ್ಟ್.

ಈ ಯುಎಸ್‌ಬಿ ಪೋರ್ಟ್‌ಗೆ ಹಾರ್ಡ್‌ಡಿಸ್ಕ್ ಅಥವಾ ಪ್ರಿಂಟರ್ ಜೋಡಿಸಿ ಮನೆಮಂದಿ ಹಂಚಿಕೊಳ್ಳುವ ಸೌಲಭ್ಯವನ್ನು ಗೂಗಲ್ ಕೊನೆಗೂ ಕೊಡಲಿಲ್ಲ. ಮನೆಯ ಸ್ಮಾರ್ಟ್ ಉಪಕರಣಗಳಿಗೆಂದು ಒಳಗಿಟ್ಟಿದ್ದ 802.15.4 ರೇಡಿಯೊ ಕೂಡ ಬಳಕೆಗೆ ಬರಲಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಪೂರ್ಣ ಸೆಟ್ಟಿಂಗ್ ಪುಟವಿದ್ದ ರೂಟರ್ ಆಗಿದ್ದರೆ, ಕಂಪನಿ ಮಾಡದ ಕೆಲಸವನ್ನು ಬಳಕೆದಾರರೇ ಒಂದಿಷ್ಟಾದರೂ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಆ್ಯಪ್‌ನಲ್ಲಿ ಕಾಣದ ಸೌಲಭ್ಯ ಮಾಲೀಕರ ಪಾಲಿಗೆ ಇಲ್ಲದ ಸೌಲಭ್ಯವೇ.

ಹೊಂದಿಸಲು ಬೇಕಾದದ್ದು ಮೂರು: ಆಂಡ್ರಾಯ್ಡ್ ಫೋನ್ ಅಥವಾ ಐಫೋನ್, ಗೂಗಲ್ ಖಾತೆ, ಚಾಲ್ತಿಯಲ್ಲಿರುವ ಇಂಟರ್‌ನೆಟ್. ರೂಟರ್‌ನ ಸ್ಪೀಕರ್ ಹೊರಡಿಸುವ ಸದ್ದನ್ನು ಫೋನಿನ ಮೈಕ್ ಕೇಳಿಸಿಕೊಂಡು ಸಾಧನವನ್ನು ಗುರುತು ಹಿಡಿಯುತ್ತಿತ್ತು. ಆಮೇಲೆ ಆ ರೂಟರ್ ಆ ಗೂಗಲ್ ಖಾತೆಗೆ ಸೇರಿಬಿಡುತ್ತಿತ್ತು. ಕಂಪ್ಯೂಟರ್ ಜೋಡಿಸಿ 192.168.86.1 ವಿಳಾಸ ತೆರೆದರೆ ಪುಟವೊಂದು ಬರುತ್ತಿತ್ತು. ಆ್ಯಪ್ ಇಳಿಸಿಕೊಳ್ಳಿ ಎಂಬುದಷ್ಟೇ ಅದರಲ್ಲಿದ್ದ ಮಾತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ ವಿಳಾಸದ ಕೊನೆಗೆ ‘ಎಪಿಐ/ವಿ1/ಸ್ಟೇಟಸ್’ (/api/v1/status) ಎಂಬ ಹಾದಿ ಸೇರಿಸಿದರೆ ಸಾಫ್ಟ್‌ವೇರ್ ಆವೃತ್ತಿ, ವ್ಯಾನ್ ಸಂಪರ್ಕದ ಸ್ಥಿತಿ, ಐಪಿ ವಿಳಾಸ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಎಲ್ಲವೂ ಯಾವ ಪಾಸ್‌ವರ್ಡ್ ಇಲ್ಲದೆಯೇ ಪಠ್ಯರೂಪದಲ್ಲಿ ಬರುತ್ತಿತ್ತು. ಎಂದರೆ ರೂಟರ್ ಒಳಗೆ ವೆಬ್ ಸರ್ವರ್ ಓಡುತ್ತಲೇ ಇತ್ತು. ಸೆಟ್ಟಿಂಗ್ ಬದಲಿಸುವ ಒಂದು ಪುಟ ಸೇರಿಸುವುದಕ್ಕೆ ಯಂತ್ರದ ಶಕ್ತಿಯಾಗಲಿ ಜಾಗವಾಗಲಿ ಅಡ್ಡಿಯಾಗಿರಲಿಲ್ಲ. ಅದನ್ನು ಕೊಡಬಾರದೆಂದು ವಿನ್ಯಾಸದ ಹಂತದಲ್ಲೇ ತೀರ್ಮಾನವಾಗಿತ್ತು, ಮುಂದಿನ ತೊಂದರೆಗಳೆಲ್ಲ ಬಂದದ್ದು ಆ ತೀರ್ಮಾನದಿಂದ.

2017ರ ಫೆಬ್ರುವರಿ 23

ಮೊದಲ ಪೆಟ್ಟು ಬೇಗನೆ ಬಿತ್ತು. ಅಂದು ಗೂಗಲ್ ಖಾತೆಗಳ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡಿತು. ಬಹಳ ಜನರ ಫೋನುಗಳು ಗೂಗಲ್ ಖಾತೆಯಿಂದ ತಾವಾಗಿಯೇ ಹೊರಬಂದವು. ಫೋನಿನಲ್ಲಾದರೆ ಮತ್ತೆ ಲಾಗಿನ್ ಆದರೆ ಸಾಕು. ಆದರೆ ಹಲವು ಆನ್‌ಹಬ್‌ಗಳೂ, ಎರಡೂವರೆ ತಿಂಗಳ ಹಿಂದಷ್ಟೇ ಮಾರುಕಟ್ಟೆಗೆ ಬಂದಿದ್ದ ಗೂಗಲ್ ವೈಫೈ ಸಾಧನಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿದವು. ವೈಫೈ ಹೆಸರು, ಪಾಸ್‌ವರ್ಡ್, ಅತಿಥಿ ಜಾಲ, ಸಾಧನಗಳಿಗೆ ಕಾಯ್ದಿಟ್ಟ ವಿಳಾಸಗಳು ಅಳಿಸಿಹೋದವು. ಮೊದಲಿನಿಂದ ಹೊಂದಿಸುವ ತನಕ ಆ ಮನೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲ.

ಕೇಬಲ್ ಸರಿಯಾಗಿತ್ತು, ಮೋಡೆಮ್ ಸರಿಯಾಗಿತ್ತು, ಇಂಟರ್‌ನೆಟ್ ಸೇವೆಯೂ ಸರಿಯಾಗಿತ್ತು. ಮನೆಗೆ ಸಂಬಂಧವೇ ಇಲ್ಲದ ಒಂದು ಖಾತೆ ಸರ್ವರ್‌ನ ತಪ್ಪು ಮನೆಯೊಳಗಿನ ಉಪಕರಣದ ನೆನಪನ್ನೇ ಒರೆಸಿಹಾಕಿತು. ಸೆಟ್ಟಿಂಗ್‌ಗಳನ್ನು ಫೈಲ್ ಆಗಿ ಉಳಿಸಿಟ್ಟುಕೊಳ್ಳುವ ಸೌಲಭ್ಯ ಆ್ಯಪ್‌ನಲ್ಲಿ ಇರಲಿಲ್ಲವಾದ್ದರಿಂದ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಮನೆಯೊಳಗಿನ ಒಂದು ಸಾಧನಕ್ಕೆ ಕಳಿಸುವ ನಿಯಮ) ಮಾಡಿಕೊಂಡು ಕ್ಯಾಮೆರಾ, ಫೈಲ್ ಸಂಗ್ರಹ ಪೆಟ್ಟಿಗೆ ಇಟ್ಟುಕೊಂಡವರು ಒಂದೊಂದನ್ನೂ ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಸಾಮಾನ್ಯ ರೂಟರ್‌ನ ಬ್ರೌಸರ್ ಪುಟದಲ್ಲಿ ‘ಬ್ಯಾಕಪ್ ಮತ್ತು ರೀಸ್ಟೋರ್’ ಎಂಬ ಸಣ್ಣ ಗುಂಡಿ ಇರುತ್ತದೆ. ಬಹುತೇಕರು ಅದನ್ನು ಒತ್ತಿರುವುದೇ ಇಲ್ಲ, ಆದರೆ ಅದರ ಬೆಲೆ ತಿಳಿಯುವುದು ಇಂಥ ದಿನ.

ಆ್ಯಪ್ ಬದಲಾಗುತ್ತ ಹೋದದ್ದು

ಆನ್‌ಹಬ್ ಜೊತೆ ಬಂದ ಆ್ಯಪ್‌ನ ಹೆಸರು ಗೂಗಲ್ ಆನ್. ಮುಂದೆ ಅದು ಗೂಗಲ್ ವೈಫೈ ಆ್ಯಪ್ ಆಯಿತು. ನಂತರ ಆ ಕೆಲಸಗಳನ್ನೆಲ್ಲ ಗೂಗಲ್ ಹೋಮ್ ಆ್ಯಪ್‌ಗೆ ಸಾಗಿಸಿದರು. 2021ರ ಮೇ 25ರಿಂದ ಹಳೆಯ ಆ್ಯಪ್‌ನಲ್ಲಿ ಜಾಲದ ಸ್ಥಿತಿ ನೋಡಬಹುದಿತ್ತೇ ಹೊರತು ಬದಲಿಸಲು ಆಗುತ್ತಿರಲಿಲ್ಲ. ಜೂನ್ 30ಕ್ಕೆ ಅದನ್ನು ಆ್ಯಪ್ ಅಂಗಡಿಗಳಿಂದಲೇ ತೆಗೆದರು.

ಹೊಸ ಆ್ಯಪ್‌ಗೆ ಹೋದದ್ದರಿಂದ ಏನು ತೊಂದರೆ ಎಂದು ಕೇಳಬಹುದು. ಪ್ರತಿ ಆ್ಯಪ್‌ಗೂ ಫೋನಿನ ಇಂತಿಷ್ಟು ಹೊಸ ಆವೃತ್ತಿ ಬೇಕು, ಮತ್ತು ಆ ಕನಿಷ್ಠ ಮಿತಿ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ರೂಟರ್ ಚೆನ್ನಾಗಿದ್ದರೂ ಫೋನ್ ಹಳತಾದರೆ ಹಿಡಿತ ತಪ್ಪುತ್ತದೆ. ಲೊಕೇಶನ್ ಅನುಮತಿ, ಬ್ಲೂಟೂತ್ ಅನುಮತಿ ಕೊಡದೆ ಹೊಂದಿಸುವ ಕೆಲಸ ಮುಂದೆ ಹೋಗದಿರುವುದೂ ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯ. ಇನ್ನು ಖಾತೆಯ ಪ್ರಶ್ನೆ: ರೂಟರ್ ಯಾರ ಖಾತೆಯಲ್ಲಿದೆಯೋ ಅವರು ಮನೆ ಬಿಟ್ಟು ಹೋದರೆ, ತೀರಿಕೊಂಡರೆ, ಪಾಸ್‌ವರ್ಡ್ ಮರೆತರೆ, ಮನೆಯಲ್ಲಿ ಉಳಿದವರಿಗೆ ಫ್ಯಾಕ್ಟರಿ ರಿಸೆಟ್ ಒಂದೇ ದಾರಿ. ಹೊರದೇಶದಲ್ಲಿರುವ ಮಗಳು ತನ್ನ ಖಾತೆಯಲ್ಲಿ ಹೊಂದಿಸಿಕೊಟ್ಟ ಮೆಶ್ (ಹಲವು ಪೆಟ್ಟಿಗೆ ಸೇರಿ ಒಂದೇ ವೈಫೈ ಕೊಡುವ) ರೂಟರ್ ಶಿವಮೊಗ್ಗದ ಅಪ್ಪ ಅಮ್ಮನ ಮನೆಯಲ್ಲಿದ್ದರೆ, ಸಣ್ಣ ಬದಲಾವಣೆಗೂ ಅವಳು ಎಚ್ಚರವಿರುವ ಹೊತ್ತಿಗೇ ಕಾಯಬೇಕು.

ಕೊನೆಯ ದಿನ

2021ರ ಡಿಸೆಂಬರ್‌ನಲ್ಲಿ ಗೂಗಲ್ ಆನ್‌ಹಬ್‌ಗೆ ಬೆಂಬಲ ನಿಲ್ಲುವ ದಿನ ಪ್ರಕಟಿಸಿತು: 2022ರ ಡಿಸೆಂಬರ್ 19. ಮುಂದೆ ಅದು 2023ರ ಜನವರಿ 11ಕ್ಕೆ ಹೋಯಿತು. ಮಾಲೀಕರಿಗೆ ಗೂಗಲ್‌ನದೇ ನೆಸ್ಟ್ ವೈಫೈ ರೂಟರ್ ಕೊಳ್ಳಲು ಶೇ. 40 ರಿಯಾಯಿತಿ ಕೊಟ್ಟರು. ಒಂದು ವರ್ಷ ಮೊದಲೇ ತಿಳಿಸಿದ್ದು, ರಿಯಾಯಿತಿ ಕೊಟ್ಟದ್ದು ಮೆಚ್ಚಬೇಕಾದದ್ದೇ. ಹೇಳದೆ ಕೇಳದೆ ಸರ್ವರ್ ನಿಲ್ಲಿಸಿದ ಕಂಪನಿಗಳೂ ಇವೆ. ಆದರೂ ಸಾಧನ ಕೈಯಲ್ಲಿರುವವರಿಗೆ ಉಳಿದದ್ದು ಇಷ್ಟು: ವೈಫೈ ಕೊನೆಯ ಸೆಟ್ಟಿಂಗ್‌ನಲ್ಲೇ ನಿಂತಿರುತ್ತದೆ, ಏನನ್ನೂ ಬದಲಿಸಲಾಗದು, ಇನ್ನೊಂದು ವೈಫೈ ಪಾಯಿಂಟ್ ಸೇರಿಸಲಾಗದು, ವೇಗ ಪರೀಕ್ಷೆ ಇಲ್ಲ, ಭದ್ರತಾ ಅಪ್‌ಡೇಟ್ ಇಲ್ಲ.

ನಿಂತ ಸೆಟ್ಟಿಂಗ್‌ನಲ್ಲಿ ಎಷ್ಟು ದಿನ ನಡೆದೀತು? ಹೊರಗೆ ಏನೂ ಬದಲಾಗದಿದ್ದರೆ ಬಹಳ ದಿನ. ಬದಲಾವಣೆ ಬರುವ ದಾರಿಗಳು ಮಾತ್ರ ಹಲವು. ಕೇಬಲ್ ಇಂಟರ್‌ನೆಟ್‌ನಿಂದ ಪಿಪಿಪಿಒಇ ಎಂಬ ಲಾಗಿನ್ ವಿಧಾನ ಬೇಡುವ ಫೈಬರ್‌ಗೆ ಬದಲಾದರೆ ಹೊಸ ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಜಾಗ ಆ್ಯಪ್‌ನಲ್ಲಿತ್ತು. ಆ್ಯಪ್ ಈಗ ಆ ರೂಟರನ್ನು ನಿಭಾಯಿಸದು. ಕೈಯಾರೆ ಹಾಕಿದ್ದ ಡಿಎನ್‌ಎಸ್ ಸರ್ವರ್ ನಿಂತರೆ ಮನೆಯ ಯಾವ ಸಾಧನದಲ್ಲೂ ವೆಬ್‌ಸೈಟ್ ತೆರೆಯದು, ಪ್ರತಿ ಸಾಧನದಲ್ಲೂ ಬೇರೆ ಡಿಎನ್‌ಎಸ್ ಹಾಕುತ್ತ ಕೂರಬೇಕು. ವೈಫೈ ಪಾಸ್‌ವರ್ಡ್ ಹೊರಗಿನವರಿಗೆ ತಿಳಿದರೆ ಅವರನ್ನು ಹೊರಗಿಡುವ ಉಪಾಯವಿಲ್ಲ.

ಭದ್ರತೆಯ ಮಾತು ಇನ್ನೂ ಗಂಭೀರ. 2017ರ ಅಕ್ಟೋಬರ್‌ನಲ್ಲಿ ಬಯಲಾದ ಕ್ರ್ಯಾಕ್ ದೋಷ ಡಬ್ಲ್ಯುಪಿಎ2 ಎಂಬ ವೈಫೈ ರಕ್ಷಣಾ ಕ್ರಮದಲ್ಲೇ ಇತ್ತು. 2021ರ ಮೇ ತಿಂಗಳಲ್ಲಿ ಫ್ರ್ಯಾಗ್ ಅಟ್ಯಾಕ್ಸ್ ಎಂಬ ದೋಷಗಳ ಗುಂಪು ಬಯಲಾಯಿತು. ಇಂಥವು ಮತ್ತೆ ಬರುತ್ತವೆ. ಬೆಂಬಲವಿಲ್ಲದ ರೂಟರ್‌ನಲ್ಲಿ ಅವು ಹಾಗೇ ಉಳಿಯುತ್ತವೆ.

ಎಲ್ಲಕ್ಕಿಂತ ಅಪಾಯಕಾರಿ ಹಿಂಬದಿಯ ರಿಸೆಟ್ ಗುಂಡಿ. ಇಂಟರ್‌ನೆಟ್ ನಿಧಾನವಾಯಿತೆಂದು ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಹಲವೆಡೆ ಸಿಗುವ ಮೊದಲ ಸಲಹೆ ರೂಟರ್ ರಿಸೆಟ್ ಮಾಡಿ ಎಂಬುದು. ಬೆಂಬಲ ನಿಂತ ಆನ್‌ಹಬ್‌ನಲ್ಲಿ ಅದನ್ನು ಮಾಡಿದರೆ ಹಳೆಯ ಸೆಟ್ಟಿಂಗ್ ಹೋಗುತ್ತದೆ, ಹೊಸದಾಗಿ ಹೊಂದಿಸಲು ಆ್ಯಪ್ ಬೇಕು, ಆ್ಯಪ್ ಇಲ್ಲ. ಪ್ಲಗ್ ಕಿತ್ತು ಹಾಕುವುದಕ್ಕೂ ಫ್ಯಾಕ್ಟರಿ ರಿಸೆಟ್‌ಗೂ ಇರುವ ವ್ಯತ್ಯಾಸವನ್ನು ಮನೆಯವರಿಗೆಲ್ಲ ಹೇಳಿಟ್ಟಿರಬೇಕು. ಗುಂಡಿಯ ಮೇಲೆ ಟೇಪ್ ಅಂಟಿಸಿದರೂ ತಪ್ಪಿಲ್ಲ.

ಆ್ಯಪ್ ಇಲ್ಲದೆಯೇ ಮಾಹಿತಿ ಹೊರತೆಗೆದು ಬೇರೆ ರೂಟರ್‌ಗೆ ಹೋಗುವ ಬಗೆ

ಹಳೆಯ ರೂಟರ್ ಇನ್ನೂ ಓಡುತ್ತಿರುವಾಗಲೇ ಈ ಕೆಲಸ ಮಾಡಬೇಕು.

ಮೊದಲು ವೈಫೈ ಪಾಸ್‌ವರ್ಡ್. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಫೋನಿನಲ್ಲಿ ಸಂಪರ್ಕದಲ್ಲಿರುವ ವೈಫೈ ಹೆಸರು ಒತ್ತಿ ‘ಶೇರ್’ ಆರಿಸಿದರೆ ಕ್ಯೂಆರ್ ಕೋಡ್ ಬರುತ್ತದೆ. ಹಲವು ಫೋನುಗಳಲ್ಲಿ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲಿ ಇರುತ್ತದೆ. ಐಒಎಸ್ 16ರಿಂದ ಐಫೋನ್‌ನಲ್ಲೂ ವೈಫೈ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿ ನೋಡಬಹುದು.

ಆಮೇಲೆ ಲ್ಯಾಪ್‌ಟಾಪ್ ಜೋಡಿಸಿ ಮೇಲೆ ಹೇಳಿದ ಸ್ಟೇಟಸ್ ಪುಟ ತೆರೆದು ಪೂರ್ತಿ ಪಠ್ಯವನ್ನು ಒಂದು ಫೈಲ್‌ನಲ್ಲಿ ಉಳಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಆರ್‌ಪಿ ಪಟ್ಟಿ (arp -a) ತೆಗೆದರೆ ಆ ಲ್ಯಾಪ್‌ಟಾಪ್ ಇತ್ತೀಚೆಗೆ ಮಾತಾಡಿದ ಸಾಧನಗಳ ಐಪಿ ವಿಳಾಸ ಮತ್ತು ಮ್ಯಾಕ್ ವಿಳಾಸ (ಸಾಧನದ ಸ್ವಂತ ಗುರುತು ಸಂಖ್ಯೆ) ಜೋಡಿಯಾಗಿ ಸಿಗುತ್ತವೆ. ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಸಂಗ್ರಹ ಪೆಟ್ಟಿಗೆ ಇವುಗಳ ವಿಳಾಸ ಬರೆದಿಡಿ. ಪಟ್ಟಿಯಲ್ಲಿ ಬಾರದ ಸಾಧನಕ್ಕೆ ಮೊದಲು ಪಿಂಗ್ (ಉತ್ತರ ಕೇಳುವ ಪುಟ್ಟ ಸಂದೇಶ) ಕಳಿಸಿ ಮತ್ತೆ ನೋಡಿ. ಪೋರ್ಟ್ ಫಾರ್ವರ್ಡಿಂಗ್ ನಿಯಮಗಳು ಈ ಎರಡು ಪಟ್ಟಿಗಳಲ್ಲಿ ಸಿಗುವುದಿಲ್ಲ, ಆಯಾ ಸಾಧನದ ಸೆಟ್ಟಿಂಗ್‌ನಲ್ಲಿ ಅದು ಬಳಸುವ ಪೋರ್ಟ್ ಸಂಖ್ಯೆ ನೋಡಿ ಬರೆದುಕೊಳ್ಳಬೇಕು. ಪಿಪಿಪಿಒಇ ಇದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಇಂಟರ್‌ನೆಟ್ ಕೊಡುವವರಿಂದಲೇ ಕೇಳಿ ಪಡೆಯಿರಿ.

ಹೊಸ ರೂಟರನ್ನು ಇಂಟರ್‌ನೆಟ್ ಜೋಡಿಸದೆ, ನೆಟ್‌ವರ್ಕ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ ತೆರೆಯಿರಿ. ವಿಳಾಸ ಬಹುತೇಕ 192.168.0.1 ಅಥವಾ 192.168.1.1, ತಳದ ಸ್ಟಿಕ್ಕರ್‌ನಲ್ಲಿ ಅಚ್ಚಾಗಿರುತ್ತದೆ. ಆಡಳಿತದ ಪಾಸ್‌ವರ್ಡ್ ಮೊದಲೇ ಬದಲಿಸಿ. ಲ್ಯಾನ್ ವಿಳಾಸವನ್ನು 192.168.86.1 ಎಂದೂ, ಸಬ್‌ನೆಟ್ ಮಾಸ್ಕ್ 255.255.255.0 ಎಂದೂ, ಡಿಎಚ್‌ಸಿಪಿ ವ್ಯಾಪ್ತಿಯನ್ನು (ಸಾಧನಗಳಿಗೆ ರೂಟರ್ ತಾನಾಗಿ ಹಂಚುವ ವಿಳಾಸಗಳನ್ನು) 192.168.86.20ರಿಂದ 250ರವರೆಗೆ ಎಂದೂ ಹಾಕಿ. ಹಳೆಯ ವ್ಯಾಪ್ತಿಯನ್ನೇ ಉಳಿಸಿಕೊಂಡರೆ ಕೈಯಾರೆ ಐಪಿ ಹಾಕಿದ್ದ ಪ್ರಿಂಟರ್, ಕ್ಯಾಮೆರಾಗಳು ಮುಟ್ಟದೆಯೇ ಕೆಲಸ ಮಾಡುತ್ತವೆ. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಹಳೆಯದೇ ಇರಲಿ, ದೊಡ್ಡಕ್ಷರ ಚಿಕ್ಕಕ್ಷರವೂ ಹಾಗೆಯೇ ಇರಬೇಕು. ರಕ್ಷಣಾ ಕ್ರಮವನ್ನು ಡಬ್ಲ್ಯುಪಿಎ2-ಡಬ್ಲ್ಯುಪಿಎ3 ಮಿಶ್ರ ರೀತಿಯಲ್ಲಿಡಿ. ಬರೀ ಡಬ್ಲ್ಯುಪಿಎ3 ಹಾಕಿದರೆ ಹಳೆಯ ಸ್ಮಾರ್ಟ್ ಬಲ್ಬು, ಪ್ಲಗ್‌ಗಳು ಸೇರುವುದಿಲ್ಲ.

2.4 ಮತ್ತು 5 ಗಿಗಾಹರ್ಟ್ಸ್‌ಗಳಿಗೆ ಬೇರೆ ಬೇರೆ ಹೆಸರಿಡುವ ಸ್ವಾತಂತ್ರ್ಯ ಆನ್‌ಹಬ್‌ನಲ್ಲಿರಲಿಲ್ಲ. 2.4 ಮಾತ್ರ ಬಲ್ಲ ಬಲ್ಬನ್ನು ಸೇರಿಸಲು ಆಗದೆ ಒದ್ದಾಡಿದವರಿಗೆ ಹೊಸ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಆಫ್ ಮಾಡಿಟ್ಟರೆ ಕೆಲಸ ಮುಗಿಯುತ್ತದೆ.

ಈಗ ವ್ಯಾನ್ ಕೇಬಲ್ ಬದಲಿಸಿ. ಇಲ್ಲಿ ಹೆಚ್ಚಾಗಿ ಎದುರಾಗುವುದು ಮ್ಯಾಕ್ ವಿಳಾಸದ ತೊಡಕು. ಅಮೆರಿಕದ ಕೇಬಲ್ ಮೋಡೆಮ್‌ಗಳು ತಾವು ಮೊದಲು ಕಂಡ ರೂಟರ್‌ನ ಮ್ಯಾಕ್ ವಿಳಾಸಕ್ಕೆ ಅಂಟಿಕೊಳ್ಳುತ್ತವೆ; ಮೋಡೆಮ್‌ನ ವಿದ್ಯುತ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ ಹೊಸದನ್ನು ಒಪ್ಪುತ್ತವೆ. ನಮ್ಮ ಊರುಗಳ ಕೆಲವು ಇಂಟರ್‌ನೆಟ್ ಸೇವೆಯವರು ಮ್ಯಾಕ್ ವಿಳಾಸವನ್ನು ತಮ್ಮ ಸರ್ವರ್‌ನಲ್ಲೇ ನೋಂದಾಯಿಸಿರುತ್ತಾರೆ. ಅಲ್ಲಿ ಪ್ಲಗ್ ಕಿತ್ತು ಹಾಕಿ ಪ್ರಯೋಜನವಿಲ್ಲ. ಅವರಿಗೆ ಫೋನ್ ಮಾಡಬೇಕು, ಇಲ್ಲವೇ ಹಳೆಯ ರೂಟರ್‌ನ ವ್ಯಾನ್ ಮ್ಯಾಕ್ ವಿಳಾಸವನ್ನು ಹೊಸದರ ‘ಮ್ಯಾಕ್ ಕ್ಲೋನ್’ ಜಾಗದಲ್ಲಿ ಬರೆಯಬೇಕು. ಪಿಪಿಪಿಒಇ ಸಂಪರ್ಕದಲ್ಲಿ ಕೆಲವು ಪುಟಗಳು ಮಾತ್ರ ತೆರೆಯದೆ ನೇತಾಡಿದರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ಕಂತಿನ ಗರಿಷ್ಠ ಗಾತ್ರ) 1492 ಇದೆಯೇ ನೋಡಿ. ಎಲ್ಲ ಸರಿಹೋದ ಮೇಲೆ ಸೆಟ್ಟಿಂಗ್ ಫೈಲನ್ನು ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ನಲ್ಲಿಡಿ.

ಹಳೆಯ ಆನ್‌ಹಬ್ ಎಸೆಯಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಟಿಪಿ-ಲಿಂಕ್ ಮತ್ತು ಆಸುಸ್ ಎರಡೂ ಮಾದರಿಗಳಿಗೆ ಇದೆ, ಗೂಗಲ್ ವೈಫೈಗೂ ಇದೆ. ಸಾಧನವನ್ನು ಡೆವಲಪರ್ ಸ್ಥಿತಿಗೆ ತಂದು ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ತಂತ್ರಾಂಶ ಹಾಕಿದ ಮೇಲೆ 192.168.1.1ರಲ್ಲಿ ಪೂರ್ಣ ಬ್ರೌಸರ್ ಪುಟ ಬರುತ್ತದೆ. ವೈಫೈ ಮೊದಲಿಗೆ ಆರಿರುತ್ತದೆ, ಆದ್ದರಿಂದ ಲ್ಯಾನ್ ಕೇಬಲ್ ಕೈಯಲ್ಲಿರಲಿ. ಗೂಗಲ್ ಎಂದೂ ತೆರೆಯದ ಯುಎಸ್‌ಬಿ ಹಂಚಿಕೆಯೂ ಹೀಗೆ ಕೈಗೆ ಬರುತ್ತದೆ. ಆದರೆ ಈ ಕೆಲಸ ಎಲ್ಲರಿಗೂ ಆಗುವಂಥದ್ದಲ್ಲ, ಹಾಗಾಗಿ ಇದನ್ನು ಕಂಪನಿಯ ಹೊಣೆಗೆ ಬದಲಿ ಎಂದು ನಾವು ಒಪ್ಪುವುದಿಲ್ಲ.

ಆ್ಯಪ್‌ನ ಪರವಾಗಿ ಹೇಳಬೇಕಾದ್ದು

ಆನ್‌ಹಬ್ ತಾನಾಗಿಯೇ ಅಪ್‌ಡೇಟ್ ಆಗುತ್ತಿತ್ತು. ‘ಅಡ್ಮಿನ್, ಅಡ್ಮಿನ್’ ಎಂಬ ಕಾರ್ಖಾನೆ ಪಾಸ್‌ವರ್ಡ್ ಅದಕ್ಕಿರಲಿಲ್ಲ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುರುದ್ದೇಶದ ತಂತ್ರಾಂಶ ಕನಿಷ್ಠ 54 ದೇಶಗಳಲ್ಲಿ 5 ಲಕ್ಷ ಸಾಧನಗಳನ್ನಾದರೂ ಹೊಕ್ಕಿದೆ ಎಂದು ಸಿಸ್ಕೊದ ಟಾಲೋಸ್ ತಂಡ ಅಂದಾಜಿಸಿತ್ತು. ಹೊಕ್ಕವುಗಳಲ್ಲಿ ಬಹಳಷ್ಟು ಅಪ್‌ಡೇಟ್ ಕಾಣದ, ಹಳೆಯ ದೋಷಗಳಿದ್ದ ಮನೆ ಮತ್ತು ಸಣ್ಣ ಕಚೇರಿಯ ರೂಟರ್‌ಗಳು. ಬ್ರೌಸರ್ ಪುಟ ಇದ್ದ ಮಾತ್ರಕ್ಕೆ ರೂಟರ್ ಸುರಕ್ಷಿತವಲ್ಲ.

ಆದರೆ ತಾನಾಗಿ ಅಪ್‌ಡೇಟ್ ಆಗುವುದಕ್ಕೂ ಆ್ಯಪ್ ಒಂದೇ ದಾರಿಯಾಗಿರುವುದಕ್ಕೂ ಸಂಬಂಧವಿಲ್ಲ. ಬ್ರೌಸರ್ ಪುಟ, ಆ್ಯಪ್, ರಾತ್ರಿ ಹೊತ್ತು ತಾನಾಗಿ ಆಗುವ ಅಪ್‌ಡೇಟ್ ಮೂರೂ ಇರುವ ರೂಟರ್‌ಗಳು ಸಾಧಾರಣ ಬೆಲೆಗೇ ಸಿಗುತ್ತವೆ. ನಮ್ಮ ಆಕ್ಷೇಪವಿರುವುದು ಮನೆಯ ಬೀಗದ ಕೈ ಮನೆಯವರ ಹತ್ತಿರ ಒಂದಾದರೂ ಇಲ್ಲದ ವ್ಯವಸ್ಥೆಯ ಬಗ್ಗೆ.

ಕೊಳ್ಳುವ ಮೊದಲು, ಕೊಂಡಾಗಿದ್ದರೆ

ಹೊಸ ರೂಟರ್‌ಗೆ ಒಂದು ಪರೀಕ್ಷೆ ಸಾಕು. ಇಂಟರ್‌ನೆಟ್ ಕೇಬಲ್ ಜೋಡಿಸದೆ, ಫೋನ್ ಮುಟ್ಟದೆ, ಲ್ಯಾಪ್‌ಟಾಪ್‌ನಿಂದ ವೈಫೈ ಪಾಸ್‌ವರ್ಡ್ ಬದಲಿಸಿ ನೋಡಿ. ಆಗದಿದ್ದರೆ ಮರಳಿಸುವ ಅವಧಿಯೊಳಗೇ ಮರಳಿಸಿ. ಪೆಟ್ಟಿಗೆಯ ಮೇಲೆ ‘ವೆಬ್ ನಿರ್ವಹಣೆ’ ಎಂದಿದ್ದರೂ ಪರೀಕ್ಷೆ ಬಿಡಬೇಡಿ: ಟಿಪಿ-ಲಿಂಕ್ ಡೆಕೊ ಮೆಶ್ ಸೆಟ್‌ಗಳಿಗೆ ಬ್ರೌಸರ್ ಪುಟ ಇದೆ, ಆದರೆ ಆ್ಯಪ್‌ನಲ್ಲಿರುವ ಎಷ್ಟೋ ಸೆಟ್ಟಿಂಗ್ ಅಲ್ಲಿಲ್ಲ. ಅಮೆಜಾನ್ ಒಡೆತನದ ಈರೊದಲ್ಲಿ ಅಂಥ ಪುಟವೇ ಇಲ್ಲ. ಫೈಬರ್ ಸಂಪರ್ಕಕ್ಕೆ ಪಿಪಿಪಿಒಇ ಮತ್ತು ವಿಎಲ್ಯಾನ್ ಸಂಖ್ಯೆ (ಸೇವೆಯವರ ಜಾಲದ ಗುರುತು) ಹಾಕುವ ಜಾಗ ಇದೆಯೇ ಎಂದೂ ನೋಡಿ. ಓಪನ್‌ಡಬ್ಲ್ಯುಆರ್‌ಟಿ ಪಟ್ಟಿ ನೋಡುವವರು ಮಾದರಿ ಹೆಸರಿನ ಜೊತೆ ಸ್ಟಿಕ್ಕರ್‌ನ ಆವೃತ್ತಿ ಸಂಖ್ಯೆಯನ್ನೂ ಹೊಂದಿಸಿ ನೋಡಬೇಕು. ಅದೇ ಹೆಸರಿನ ವಿ1ರಲ್ಲಿ ಒಂದು ಚಿಪ್, ವಿ2ರಲ್ಲಿ ಬೇರೆಯೇ ಚಿಪ್ ಇರುವುದುಂಟು.

ಬೆಂಬಲ ಎಷ್ಟು ವರ್ಷ ಎಂಬ ಪ್ರಶ್ನೆಗೆ ಕೆಲವೆಡೆ ಕಾನೂನೇ ಉತ್ತರ ಕೇಳುತ್ತಿದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಗೃಹ ಸಾಧನಗಳಿಗೆ ಭದ್ರತಾ ಅಪ್‌ಡೇಟ್ ಕನಿಷ್ಠ ಎಂದಿನವರೆಗೆ ಸಿಗುತ್ತದೆಂದು ತಯಾರಕರು ಪ್ರಕಟಿಸಬೇಕು. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಜಾರಿಗೆ ಬರುತ್ತವೆ. ಅದು ಸಾಮಾನ್ಯವಾಗಿ 5 ವರ್ಷವಾದರೂ ಬೆಂಬಲ ಕೇಳುತ್ತದೆ. ಎರಡೂ ಒಳ್ಳೆಯವೇ. ಆದರೆ ಆನ್‌ಹಬ್‌ಗೆ ಏಳು ವರ್ಷಕ್ಕೂ ಹೆಚ್ಚು ಬೆಂಬಲ ಸಿಕ್ಕಿತ್ತು ಎಂಬುದನ್ನು ನೆನೆಯಬೇಕು. ಬೆಂಬಲ ನಿಂತ ಮರುದಿನ ಮಾಲೀಕರ ಕೈಗೆ ಏನು ಉಳಿಯಬೇಕು ಎಂಬ ವಿಚಾರಕ್ಕೆ ವರ್ಷಗಳ ಎಣಿಕೆಯಲ್ಲಿ ಉತ್ತರವಿಲ್ಲ. ಕೊನೆಯ ಅಪ್‌ಡೇಟ್‌ನಲ್ಲಿ ಸ್ಥಳೀಯ ಸೆಟ್ಟಿಂಗ್ ಪುಟವೊಂದನ್ನು ತೆರೆದುಕೊಡಬೇಕೆಂಬ ನಿಯಮ ಬೇಕು.

ಆ್ಯಪ್ ಮಾತ್ರದ ರೂಟರ್ ಈಗಾಗಲೇ ಮನೆಯಲ್ಲಿದ್ದು ಬೆಂಬಲವೂ ಇದ್ದರೆ ಈ ವಾರವೇ ಮಾಡಬೇಕಾದ ಕೆಲಸಗಳಿವೆ. ಆ್ಯಪ್‌ನಲ್ಲಿ ಮನೆಯ ಇನ್ನೊಬ್ಬರ ಖಾತೆಗೂ ನಿರ್ವಹಣೆಯ ಅಧಿಕಾರ ಕೊಡಿ. ಪ್ರತಿ ಸೆಟ್ಟಿಂಗ್ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಇಂಟರ್‌ನೆಟ್ ಸೇವೆಯವರು ಕೊಟ್ಟ ಫೈಬರ್ ಪೆಟ್ಟಿಗೆಯಲ್ಲೇ ವೈಫೈ ಇದ್ದರೆ ಅದರ ಲಾಗಿನ್ ತಿಳಿದುಕೊಂಡಿರಿ.

ಇದಕ್ಕಿಂತ ಗಟ್ಟಿಯಾದ ಏರ್ಪಾಡು, ಬ್ರೌಸರ್ ಪುಟವಿರುವ ಸಾದಾ ವೈರ್ಡ್ ರೂಟರನ್ನು ಮುಂದಿಟ್ಟು ಪಿಪಿಪಿಒಇ, ಡಿಎಚ್‌ಸಿಪಿ, ಫೈರ್‌ವಾಲ್, ಪೋರ್ಟ್ ಫಾರ್ವರ್ಡಿಂಗ್ ಕೆಲಸಗಳನ್ನು ಅದಕ್ಕೇ ವಹಿಸಿ, ಆ್ಯಪ್ ರೂಟರನ್ನು ಬ್ರಿಡ್ಜ್ ಸ್ಥಿತಿಯಲ್ಲಿ ಬರೀ ವೈಫೈ ಕೊಡಲು ಬಳಸುವುದು. ಆ್ಯಪ್ ಮುಂದೊಂದು ದಿನ ನಿಂತರೂ ಬದಲಿಸಬೇಕಾದದ್ದು ವೈಫೈ ಭಾಗ ಮಾತ್ರ. ಈರೊ, ಡೆಕೊಗಳಲ್ಲಿ ಹಲವು ಪೆಟ್ಟಿಗೆಗಳ ಮೆಶ್ ಇದ್ದಾಗಲೂ ಇದು ನಡೆಯುತ್ತದೆ. ಗೂಗಲ್ ವೈಫೈನಲ್ಲಿ ಬ್ರಿಡ್ಜ್ ಸ್ಥಿತಿ ಇರುವುದು ಒಂಟಿ ಪಾಯಿಂಟ್‌ಗೆ ಮಾತ್ರ. ಎರಡು ಮೂರು ಪಾಯಿಂಟ್‌ಗಳ ಮೆಶ್ ಬೇಕೆಂದರೆ ಅದೇ ರೂಟರ್ ಆಗಿರಬೇಕು, ಆಗ ಮುಂದಿನ ವೈರ್ಡ್ ರೂಟರ್ ಜೊತೆ ಎರಡು ಪದರದ ನ್ಯಾಟ್ (ಮನೆಯೊಳಗಿನ ಮತ್ತು ಹೊರಗಿನ ವಿಳಾಸಗಳ ಅದಲುಬದಲು) ಆಗುತ್ತದೆ. ಬ್ರೌಸಿಂಗ್, ವಿಡಿಯೊಗಳಿಗೆ ಅದರಿಂದ ತೊಂದರೆಯಿಲ್ಲ. ಹೊರಗಿನಿಂದ ಕ್ಯಾಮೆರಾ ನೋಡುವವರು ಪೋರ್ಟ್ ಫಾರ್ವರ್ಡಿಂಗ್ ಅನ್ನು ಎರಡೂ ಕಡೆ ಬರೆಯಬೇಕು, ಅಥವಾ ಕ್ಯಾಮೆರಾ ರೆಕಾರ್ಡರ್‌ನ ಕೇಬಲನ್ನು ನೇರವಾಗಿ ವೈರ್ಡ್ ರೂಟರ್‌ಗೆ ಚುಚ್ಚಬೇಕು.